ದಾದರ್ ಮೆಟ್ಟಿಲಿಂದ ಶುರು ಮಾಡಿ

ನಮಸ್ಕಾರ. ನೀವು ಡೊಂಬಿವಲಿಯಿಂದ ಕಳಿಸಿದ 'ಉಸಿರು ಮತ್ತು ರಕ್ತದ ಆಮ್ಲೀಯತೆ' ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕೋಕಾಗಲ್ಲ. ಹಾಗಂತ ಬಿಸಾಡಬೇಡಿ.

ಮೊದಲ ಎರಡು ಪುಟ ಪಿಯುಸಿ ಗೈಡ್ ಥರ ಇದೆ. ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ವ್ಯಾಖ್ಯೆ, ಅದರ ಲೆಕ್ಕದ ಸೂತ್ರ ಕೊಟ್ಟ 1908ರ ಹೆಂಡರ್ಸನ್, 1916ರ ಹ್ಯಾಸೆಲ್‌ಬಾಲ್ಕ್, ಸಮೀಕರಣದ ಮೇಲೆ ಸಮೀಕರಣ. ಅಸಲಿ ಸರಕು ಮೂರನೇ ಪುಟದಲ್ಲಿ ಅಡಗಿ ಕೂತಿದೆ. ಮುಂಬೈನ ದಾದರ್ ಸ್ಟೇಷನ್ ಸೇತುವೆಯ ಮೆಟ್ಟಿಲು ಹತ್ತಿ, ಇಳಿದು, ಓಡಿ ಕಲ್ಯಾಣ್ ಸ್ಲೋ ಲೋಕಲ್ ರೈಲು ಹಿಡಿದಿರಿ, ಒಳಗೆ ಕಂಬಿ ಹಿಡಿದು ನಿಂತ ಮೇಲೂ, ಮುಂದಿನ ಸ್ಟೇಷನ್ ಮಾಟುಂಗಾ ದಾಟಿದರೂ ಏದುಸಿರು ನಿಂತಿರಲಿಲ್ಲ. ಚೆನ್ನಾಗಿದೆ! ಆಮೇಲೆ 'ಆಮ್ಲಜನಕ ಸಾಲದೆ ಹೀಗಾಗುತ್ತದೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅದು ಅರ್ಧ ಕಥೆ ಅಷ್ಟೇ ಅಲ್ವಾ?

ಓಡಿದ ಕಾಲಿನ ಸ್ನಾಯುಗಳಿಂದ ರಕ್ತಕ್ಕೆ ಆಮ್ಲ ಬರುತ್ತದೆ. ರಕ್ತದಲ್ಲಿರುವ ಬೈಕಾರ್ಬೊನೇಟ್ ಎಂಬ ಕ್ಷಾರ ಅದನ್ನು ಹಿಡಿದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಆ ಗಾಳಿ ಹೊರಗೆ ಹೋಗಲೇಬೇಕು. ಅದು ಜಾಸ್ತಿಯಾದರೆ ಮಿದುಳಿನ ಬುಡಕ್ಕೆ ತಕ್ಷಣ ಗೊತ್ತಾಗುತ್ತದೆ, ಉಸಿರಾಟ ಜೋರಾಗುತ್ತದೆ. ಅಂದರೆ ನೀವು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಾಗ ಆಮ್ಲವನ್ನೂ ಮೂಗು ಬಾಯಿಯಿಂದ ಹೊರಗೆ ಹಾಕುತ್ತಿದ್ದಿರಿ. ಇದನ್ನು ಬರೆಯಿರಿ, ನಿಧಾನವಾಗಿ ಬರೆಯಿರಿ.

ನಿಂಬೆ ನೀರು ಕುಡಿದರೆ ರಕ್ತ ಕ್ಷಾರವಾಗುತ್ತದೆ ಅನ್ನುವ ಪ್ಯಾರಾ ತೆಗೆಯಿರಿ. ಸುಳ್ಳು ಅದು. ಬದಲಾಗುವುದು ಹೆಚ್ಚೆಂದರೆ ಮೂತ್ರ. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುತ್ತದೆ. ನಿಂಬೆಹಣ್ಣು ಬಿಡೋಕೆ ಮನಸ್ಸಿಲ್ಲವಾದರೆ ಅಡುಗೆ ಸೋಡಾದ ಮೇಲೆ ಹಿಂಡಿ. ಬುಸ್ ಅಂತ ನೊರೆ ಬರುತ್ತದಲ್ಲ, ಆಮ್ಲ ಮತ್ತು ಬೈಕಾರ್ಬೊನೇಟ್ ಸೇರಿದರೆ ಆಗುವುದು ಅದೇ. ರಕ್ತದಲ್ಲಿ ನೊರೆ ಏಳಲ್ಲ, ಗಾಳಿ ಕರಗಿಕೊಂಡೇ ಶ್ವಾಸಕೋಶದವರೆಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ತಪ್ಪು. '7.4 ಇದ್ದದ್ದು 7.1 ಆದರೆ ಅಲ್ಪ ಬದಲಾವಣೆ' ಅಂದಿದ್ದೀರಿ. ಆಮ್ಲೀಯತೆ ತರುವ ಹೈಡ್ರೋಜನ್ ಅಯಾನುಗಳು ದುಪ್ಪಟ್ಟಾಗಿರುತ್ತವೆ ಮಾರಾಯ್ರೇ! ಆ ರೋಗಿ ಆಸ್ಪತ್ರೆಯಲ್ಲಿರಬೇಕು. ಸಕ್ಕರೆ ಕಾಯಿಲೆ ಕೈಮೀರಿ ರಕ್ತದಲ್ಲಿ ಆಮ್ಲ ತುಂಬಿದವರು ಆಳವಾಗಿ, ಬಿಡದೆ ಉಸಿರಾಡುವುದನ್ನು ಜರ್ಮನ್ ವೈದ್ಯ ಕುಸ್‌ಮಾಲ್ 1874ರಲ್ಲೇ ವಿವರಿಸಿದ್ದ. ಆ ಹೆಸರಿಗೆ ಜಾಗ ಕೊಡಿ.

ಉಲ್ಟಾ ಕಥೆಯೂ ಬೇಕು. ಒಮ್ಮೆ ನಾಟಕದ ಪರದೆ ಏಳುವ ಮುಂಚೆ ಗಾಬರಿಯಲ್ಲಿ ಸುಮ್ನೆ ಜೋರಾಗಿ ಉಸಿರೆಳೆದುಕೊಂಡು ನನ್ನ ತುಟಿ, ಬೆರಳೆಲ್ಲ ಜುಮ್ಮೆಂದಿತ್ತು, ಹಾರ್ಟ್ ಅಟ್ಯಾಕೇ ಅಂದುಕೊಂಡಿದ್ದೆ. ಕಾರ್ಬನ್ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗಿ ರಕ್ತ ಕ್ಷಾರದ ಕಡೆ ವಾಲಿದರೆ ಹಾಗಾಗುತ್ತದೆ.

ಮೂತ್ರಪಿಂಡಕ್ಕೆ ಎರಡು ಸಾಲು ಸಾಕು: ಉಸಿರು ನಿಮಿಷಗಳಲ್ಲಿ ಮಾಡುವುದನ್ನು ಅದು ದಿನಗಟ್ಟಲೆ ಕೂತು ಸರಿಮಾಡುತ್ತದೆ.

ಎರಡು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಸಮೀಕರಣ ಒಂದೇ ಒಂದು ಇರಲಿ, ಅದೂ ರೈಲು ಮಾಟುಂಗಾ ದಾಟಿದ ಮೇಲೆ.