ನಾಯಿಯ ಚಿಗಟದ ಔಷಧವನ್ನು ಬೆಕ್ಕಿಗೆ ಹಾಕಬಹುದೇ?

ಪ್ರಶ್ನೆ: ಮಾನ್ಯ ವೈದ್ಯರೇ, ನಮ್ಮ ಮನೆಯಲ್ಲಿ 28 ಕೆ.ಜಿ. ತೂಕದ ಲ್ಯಾಬ್ರಡಾರ್ ನಾಯಿ ಮತ್ತು ಸುಮಾರು 4 ಕೆ.ಜಿ. ತೂಕದ ಬೆಕ್ಕು ಇವೆ. ನಾಯಿಯ ಚಿಗಟ ಮತ್ತು ಉಣ್ಣೆಗಳಿಗೆಂದು ಬೆನ್ನಿನ ಮೇಲೆ ಹನಿಸುವ ಔಷಧ ತಂದಿದ್ದೆವು. 4 ಮಿ.ಲೀ.ನ ಒಂದು ಟ್ಯೂಬ್ ಉಳಿದಿದೆ. ಅದರ ಮೇಲೆ ಪರ್ಮೆತ್ರಿನ್ ಎಂದು ಬರೆದಿದೆ. ಮಳೆಗಾಲ ಹಿಡಿದಾಗಿನಿಂದ ಬೆಕ್ಕಿಗೂ ಚಿಗಟದ ಕಾಟ ಹೆಚ್ಚಾಗಿದೆ. ಕಾಲು ಭಾಗ ಹಾಕಿದರೆ ತೊಂದರೆಯಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಬಹುದೇ? ಎರಡೂ ಒಂದೇ ಚಾಪೆಯ ಮೇಲೆ ಮಲಗುತ್ತವೆ.
— ಓದುಗರು, ಸಾಗರ

ಉತ್ತರ: ದಯವಿಟ್ಟು ಹಾಕಬೇಡಿ, ಕಾಲು ಭಾಗವೂ ಬೇಡ, ಒಂದು ಹನಿಯೂ ಬೇಡ. ಹಾಕುವ ಮೊದಲೇ ಕೇಳಿದ್ದೀರಿ ಎಂಬುದು ನನಗೆ ದೊಡ್ಡ ಸಮಾಧಾನ.

ಅಂಗಡಿಯವರ ಲೆಕ್ಕವನ್ನೇ ಮೊದಲು ನೋಡೋಣ. ದೊಡ್ಡ ನಾಯಿಗಳಿಗೆ ಮಾರುವ ಇಂತಹ ಹನಿ ಔಷಧಗಳಲ್ಲಿ ಪರ್ಮೆತ್ರಿನ್ ಸಾಮಾನ್ಯವಾಗಿ ಶೇ. 45ರಿಂದ 65ರಷ್ಟು ಇರುತ್ತದೆ. ಶೇ. 50 ಎಂದು ಹಿಡಿದರೂ ನಿಮ್ಮ ಟ್ಯೂಬಿನ ಕಾಲು ಭಾಗ, ಅಂದರೆ 1 ಮಿ.ಲೀ.ನಲ್ಲಿ 500 ಮಿ.ಗ್ರಾಂ ಪರ್ಮೆತ್ರಿನ್ ಇದೆ, 4 ಕೆ.ಜಿ.ಯ ಬೆಕ್ಕಿಗೆ ಅದು ಪ್ರತಿ ಕೆ.ಜಿ.ಗೆ 125 ಮಿ.ಗ್ರಾಂ ಆಗುತ್ತದೆ. ಪ್ರತಿ ಕೆ.ಜಿ.ಗೆ 100 ಮಿ.ಗ್ರಾಂನಷ್ಟು ಚರ್ಮಕ್ಕೆ ತಾಗಿದರೂ ಬೆಕ್ಕಿನ ಪ್ರಾಣಕ್ಕೆ ಅಪಾಯವಿದೆ. ಬೆಕ್ಕೆಂದರೆ ಸಣ್ಣ ನಾಯಿ ಎಂಬ ಎಣಿಕೆಯಿಂದಲೇ ಈ ತಪ್ಪು ಹುಟ್ಟುತ್ತದೆ. ತೂಕವಷ್ಟೇ ಅಲ್ಲ, ಬೆಕ್ಕಿನ ಪಿತ್ತಜನಕಾಂಗ ಕೆಲಸ ಮಾಡುವ ರೀತಿಯೇ ಬೇರೆ.

ಪರ್ಮೆತ್ರಿನ್ ಕೀಟಗಳ ನರಗಳಲ್ಲಿರುವ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡದೆ, ನರ ಮತ್ತೆ ಮತ್ತೆ ಮಿಡಿಯುವಂತೆ ಮಾಡಿ ಅವುಗಳನ್ನು ಕೊಲ್ಲುತ್ತದೆ. ಮೈಗೆ ಸೇರಿದ ಅಲ್ಪಸ್ವಲ್ಪವನ್ನು ನಾಯಿಯ ದೇಹ ಬೇಗನೆ ಒಡೆದು, ಗ್ಲುಕುರಾನಿಕ್ ಆಮ್ಲದೊಂದಿಗೆ ಬೆಸೆದು ಹೊರಹಾಕುತ್ತದೆ. ಬೆಕ್ಕಿನಲ್ಲಿ ಈ ಬೆಸೆಯುವ ಕಿಣ್ವಗಳು ತೀರಾ ಕಡಿಮೆ. ಮನುಷ್ಯರಿಗೆ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷವಾಗುವುದಕ್ಕೂ ಇದೇ ಕೊರತೆ ಮುಖ್ಯ ಕಾರಣ. ಹೀಗಾಗಿ ಔಷಧ ರಕ್ತದಲ್ಲೇ ಉಳಿದು ಬೆಕ್ಕಿನ ನರಗಳನ್ನೇ ಕಾಡತೊಡಗುತ್ತದೆ. ಸಾಲದ್ದಕ್ಕೆ, ಮೈಯನ್ನು ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿಯಾದ್ದರಿಂದ ಚರ್ಮದ ಮೇಲೆ ಬಿದ್ದದ್ದು ಹೊಟ್ಟೆಗೂ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಹಳದಿ ಬೆಕ್ಕೊಂದನ್ನು ಟವೆಲಿನಲ್ಲಿ ಸುತ್ತಿ ನನ್ನ ಬಳಿ ತಂದಿದ್ದರು. ಹಿಂದಿನ ರಾತ್ರಿ ನಾಯಿಗೆ ಹಾಕಿ ಮಿಕ್ಕಿದ್ದನ್ನು ಅದರ ಕುತ್ತಿಗೆಗೆ ಹಚ್ಚಿದ್ದರಂತೆ. ಮೊದಲು ಕಿವಿಯ ತುದಿಗಳು ಅದುರಿದವು, ಬಳಿಕ ನೀರು ಕೊಡವುವಂತೆ ಪಂಜಗಳನ್ನು ಕೊಡವತೊಡಗಿತು, ಬೆಳಗಿನ ಜಾವಕ್ಕೆ ಇಡೀ ಮೈ ನಡುಗುತ್ತಿತ್ತು ಎಂದು ಆ ಮನೆಯ ಅಜ್ಜಿ ಹೇಳಿದರು. ಟವೆಲ್ ಬಿಡಿಸಿದಾಗ ಕುತ್ತಿಗೆಯ ಕೂದಲು ಎಣ್ಣೆ ಹಚ್ಚಿದಂತೆ ಇನ್ನೂ ಅಂಟಂಟಾಗಿತ್ತು. ಅದು ಬದುಕಿತು, ಆದರೆ ಮೂರು ದಿನ ಬೇಕಾಯಿತು. ಆ ಅಜ್ಜಿ ಕೇಳಿದ ‘ಪ್ರೀತಿಯಿಂದಲೇ ಹಚ್ಚಿದ್ದೆವಲ್ಲ ಡಾಕ್ಟ್ರೇ’ ಎಂಬ ಮಾತನ್ನು ನಾನು ಮರೆತಿಲ್ಲ.

ಯಾರಾದರೂ ತಿಳಿಯದೆ ಈಗಾಗಲೇ ಹಾಕಿದ್ದರೆ, ಲಕ್ಷಣ ಕಾಣಲಿ ಎಂದು ಕಾಯಬಾರದು. ಅವು ಕೆಲವೇ ಗಂಟೆಗಳಲ್ಲಿ ಕಾಣಬಹುದು, ಒಂದು ದಿನದ ಮೇಲೂ ತಡವಾಗಬಹುದು. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಬೆಕ್ಕಿಗೆ ನಡುಕವಿಲ್ಲದಿದ್ದರೆ, ಪಾತ್ರೆ ತೊಳೆಯುವ ಸೌಮ್ಯ ದ್ರವ ಮತ್ತು ಉಗುರುಬೆಚ್ಚಗಿನ ನೀರಿನಿಂದ ಹಚ್ಚಿದ ಜಾಗವನ್ನು ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ ಕರೆದೊಯ್ಯಿರಿ. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಔಷಧವನ್ನು ಇನ್ನಷ್ಟು ಒಳಗೆಳೆಯುತ್ತದೆ. ತಣ್ಣೀರು ಮೈಯ ಕಾವನ್ನು ಇಳಿಸಿ ನಡುಕವನ್ನು ಹೆಚ್ಚಿಸುತ್ತದೆ. ನಡುಗುವ ಬೆಕ್ಕಿನ ಬಾಯಿಗೆ ಹಾಲು, ಎಣ್ಣೆ ಏನನ್ನೂ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದೀತು. ಔಷಧದ ಖಾಲಿ ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಹೋಗಿ. ಇದಕ್ಕೆ ನೇರವಾದ ಪ್ರತಿವಿಷವಿಲ್ಲ. ಆದರೆ ನಡುಕ ಮತ್ತು ಸೆಳೆತಗಳನ್ನು ತಡೆಯುವ ಔಷಧ ಹಾಗೂ ಡ್ರಿಪ್‌ಗಳಿಂದ, ಬೇಗ ತಂದರೆ, ಬಹಳಷ್ಟು ಬೆಕ್ಕುಗಳು ಉಳಿಯುತ್ತವೆ.

ಒಂದೇ ಚಾಪೆಯ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ನಾಯಿಗೆ ಹಾಕಿದ ಔಷಧ ಹಸಿಯಾಗಿರುವಾಗ ಬೆಕ್ಕು ಅದಕ್ಕೆ ಮೈ ಉಜ್ಜಿದರೂ, ನಾಯಿಯ ಬೆನ್ನನ್ನು ನೆಕ್ಕಿದರೂ ವಿಷ ತಗಲುತ್ತದೆ. ಹಾಕಿದ ಮೇಲೆ ಮೂರು ದಿನ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ, ಚಾಪೆಯನ್ನೂ ಬೇರೆ ಮಾಡಿ. ಬೆಕ್ಕಿರುವ ಮನೆಯಲ್ಲಿ ನಾಯಿಗೂ ಪರ್ಮೆತ್ರಿನ್ ಇಲ್ಲದ ಔಷಧವನ್ನೇ ಬರೆದುಕೊಡಿ ಎಂದು ವೈದ್ಯರನ್ನು ಕೇಳುವುದು ಇನ್ನೂ ಉತ್ತಮ. ನಾಯಿ, ದನಗಳ ಉಣ್ಣೆಗೆ ನೀರಿನಲ್ಲಿ ಬೆರೆಸಿ ಹಚ್ಚುವ ಅಮಿಟ್ರಾಜ್, ಡೆಲ್ಟಾಮೆತ್ರಿನ್, ಸೈಪರ್ಮೆತ್ರಿನ್ ದ್ರಾವಣಗಳನ್ನೂ ಬೆಕ್ಕಿನ ಹತ್ತಿರ ತರಬಾರದು. ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆಗಳು ಮನೆಮದ್ದೆಂಬ ಹೆಸರಿನಲ್ಲಿ ಬರುತ್ತವೆ. ಅವೂ ಬೆಕ್ಕಿಗೆ ವಿಷವೇ.

ಹಾಗಾದರೆ ಚಿಗಟಕ್ಕೆ ಏನು ಮಾಡಬೇಕು? ಫಿಪ್ರೊನಿಲ್ ಅಥವಾ ಸೆಲಾಮೆಕ್ಟಿನ್ ಇರುವ, ಬೆಕ್ಕಿಗೆಂದೇ ತಯಾರಿಸಿದ ಹನಿ ಔಷಧಗಳಿವೆ. ತೂಕ ಮತ್ತು ವಯಸ್ಸು ನೋಡಿ ವೈದ್ಯರು ಆರಿಸುತ್ತಾರೆ. ನಾಲಿಗೆಗೆ ಎಟುಕದಂತೆ ಅದನ್ನು ತಲೆಯ ಹಿಂದೆ, ಕುತ್ತಿಗೆಯ ಬುಡದಲ್ಲಿ, ಕೂದಲನ್ನು ಬಿಡಿಸಿ ಚರ್ಮದ ಮೇಲೆಯೇ ಹನಿಸಬೇಕು. ತೀರಾ ಎಳೆಯ ಮರಿಗಳಿದ್ದರೆ ಔಷಧದ ಬದಲು ಚಿಗಟದ ಬಾಚಣಿಗೆಯಿಂದ ಬಾಚಿ, ಸಿಕ್ಕ ಚಿಗಟಗಳನ್ನು ಸಾಬೂನು ನೀರಿಗೆ ಉದುರಿಸುವುದೇ ಕ್ಷೇಮ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆಗಳವರೆಗೂ ಇಡಬಲ್ಲದು. ಅವು ಬೆಕ್ಕಿನ ಮೈಯಿಂದ ಜಾರಿ ಚಾಪೆ, ಮಂಚದ ಕೆಳಗು, ನೆಲದ ಬಿರುಕುಗಳಲ್ಲಿ ಬೆಳೆಯುತ್ತವೆ. ಆದ್ದರಿಂದ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ಮೂಲೆಗಳನ್ನು ದಿನವೂ ಗುಡಿಸಿ, ಕಸವನ್ನು ಮನೆಯಿಂದ ಹೊರಗೆ ಸಾಗಿಸದಿದ್ದರೆ ಎಷ್ಟು ಔಷಧ ಹಾಕಿದರೂ ಚಿಗಟ ಮರಳುತ್ತದೆ.

ವೈದ್ಯರ ಬಳಿ ಹೋಗುವ ಮುನ್ನ ತೂಕದ ಯಂತ್ರದ ಮೇಲೆ ಬೆಕ್ಕನ್ನು ಎತ್ತಿಕೊಂಡು ಒಮ್ಮೆ, ನೀವೊಬ್ಬರೇ ಒಮ್ಮೆ ನಿಂತು ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ‘ಸುಮಾರು 4 ಕೆ.ಜಿ.’ ಎಂಬುದಕ್ಕಿಂತ ಆ ಅಂಕಿಯಿಂದ ಅವರಿಗೆ ಹೆಚ್ಚು ಅನುಕೂಲವಾಗುತ್ತದೆ.