ಆಪ್ತಸಲಹೆ ಪ್ರಕರಣ: ನಿದ್ದೆ ಬಾರದ ಪೊಲೀಸ್ ಮುಖ್ಯಸ್ಥೆ

ಅವರು ಅಮೆರಿಕದ ಒಂದು ದೊಡ್ಡ ನಗರದ ಪೊಲೀಸ್ ಇಲಾಖೆಯ ಮುಖ್ಯಸ್ಥೆ. ಗಸ್ತು ತಿರುಗುವ ಕೆಲಸಕ್ಕೆ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಆ ಕುರ್ಚಿಗೆ ಬಂದವರು. ಆ ಊರಿನಲ್ಲಿ ಅವರಿಗಿಂತ ಮೊದಲು ಆ ಜಾಗದಲ್ಲಿ ಹೆಣ್ಣುಮಗಳು ಕೂತಿರಲಿಲ್ಲ. ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದರು. ಆದರೆ ಮೊದಲ ಭೇಟಿಯ ಬಹುಪಾಲು ಒಂದೇ ಪ್ರಶ್ನೆಗೆ ಹೋಯಿತು: ನಾನು ಇಲ್ಲಿಗೆ ಬಂದಿದ್ದು ಇಲಾಖೆಗೆ ಗೊತ್ತಾಗುತ್ತಾ? ಪೊಲೀಸರಲ್ಲಿ ಈ ಭಯ ತುಂಬಾ ಜಾಸ್ತಿ. ಕೆಲಸಕ್ಕೆ ಯೋಗ್ಯರೇ ಎಂದು ಇಲಾಖೆ ಮಾಡಿಸುವ ಪರೀಕ್ಷೆ ಬೇರೆ, ತಾವಾಗಿಯೇ ಸ್ವಂತ ಖರ್ಚಿನಲ್ಲಿ ಬರುವ ಆಪ್ತಸಲಹೆ ಬೇರೆ. ಪರೀಕ್ಷೆಯ ಫಲ ಇಲಾಖೆಗೆ ಹೋಗುತ್ತದೆ. ಇಲ್ಲಿ ಆಡಿದ ಮಾತು ಹೋಗುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಅಥವಾ ಕಾನೂನು ಹೇಳಲೇಬೇಕು ಎನ್ನುವ ಕೆಲವು ಸಂದರ್ಭಗಳಲ್ಲಿ ಮಾತ್ರ ನಾವು ಬಾಯಿಬಿಡುತ್ತೇವೆ. ಇದನ್ನು ಬಿಡಿಸಿ ಹೇಳಿದ ಮೇಲೇ ಅವರು ಸರಿಯಾಗಿ ಕೂತು ಮಾತು ಶುರು ಮಾಡಿದರು. ಜೀವ ತೆಗೆದುಕೊಳ್ಳುವ ಯೋಚನೆ ಬರುತ್ತಾ ಎಂದೂ ಅವತ್ತೇ ನೇರವಾಗಿ ಕೇಳಿದೆ. ಬಂದೂಕು ಸದಾ ಕೈಗೆಟಕುವಂತೆ ಇರುವವರನ್ನು ಇದನ್ನು ಕೇಳದೆ ಕಳಿಸಬಾರದು. ಇಲ್ಲ ಅಂದರು.

ಒಂದು ವಾರ ರಾತ್ರಿ ಬರುವ ಫೋನುಗಳನ್ನೆಲ್ಲ ಬರೆದಿಡಿ ಎಂದೆ. ಪೊಲೀಸ್ ಶಿಸ್ತಿನಲ್ಲಿ ಗೆರೆ ಎಳೆದು ತಂದರು: ಎಷ್ಟು ಹೊತ್ತಿಗೆ, ಯಾರು, ಯಾಕೆ, ನಾನು ಏನು ಹೇಳಿದೆ. ಕೊನೆಯ ಕಾಲಂ ಉದ್ದಕ್ಕೂ ಹೆಚ್ಚುಕಮ್ಮಿ ಒಂದೇ ಉತ್ತರ. "ಸರಿ, ಮುಂದುವರಿಸಿ." ಅವರು ಎದ್ದಿದ್ದರೂ ಮಲಗಿದ್ದರೂ ಕೆಲಸ ನಡೆದೇ ನಡೆಯುತ್ತಿತ್ತು. ಮತ್ತೆ ಯಾಕೆ ಎಬ್ಬಿಸುತ್ತಾರೆ? ಅಧಿಕಾರ ವಹಿಸಿಕೊಂಡ ದಿನ ಅವರೇ ಹೇಳಿದ್ದರು, ಏನೇ ಆದರೂ ನನಗೆ ಫೋನ್ ಮಾಡಿ ಎಂದು. "ಗಂಡಸು ಮಲಗಿದ್ದರೆ, ರಾತ್ರಿ ಪಾಳಿಯವರು ನೋಡಿಕೊಂಡರು ಅಂತಾರೆ. ನಾನು ಮಲಗಿದ್ದರೆ, ನೋಡಿ, ಇವಳ ಕೈಲಿ ಆಗಲ್ಲ ಅಂತಾರೆ," ಅಂದರು.

ಇದು ಬರೀ ಭ್ರಮೆ ಅಲ್ಲ. ಆ ದೇಶದ ಪೊಲೀಸರಲ್ಲಿ ಹೆಂಗಸರು ನೂರಕ್ಕೆ ಸುಮಾರು 12-13 ಮಂದಿ. ಮೇಲಿನ ಹುದ್ದೆಗಳಲ್ಲಿ ಇನ್ನೂ ಕಡಿಮೆ. ಅಷ್ಟು ಕಡಿಮೆ ಜನ ಇದ್ದಾಗ ಒಬ್ಬರ ತಪ್ಪನ್ನು ಎಲ್ಲರ ತಲೆಗೂ ಕಟ್ಟುತ್ತಾರೆ. ಕುರ್ಚಿಯೂ ಭದ್ರವಲ್ಲ. ಎಷ್ಟೋ ದೊಡ್ಡ ನಗರಗಳಲ್ಲಿ ನೇಮಿಸುವವರು ಮೇಯರ್. ಮೇಯರ್ ಬೇಡ ಅಂದ ದಿನ ಇಳಿಯಬೇಕು. ಪೊಲೀಸರ ಯೂನಿಯನ್ ಅವಿಶ್ವಾಸ ಮತ ಹಾಕಿ ಹೆಸರು ಕೆಡಿಸುವುದೂ ಉಂಟು.

ಪೆನ್ನಿ ಹ್ಯಾರಿಂಗ್‌ಟನ್ ಕಥೆ ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಅಮೆರಿಕದ ದೊಡ್ಡ ನಗರವೊಂದರ ಪೊಲೀಸ್ ಮುಖ್ಯಸ್ಥೆಯಾದ ಮೊದಲ ಮಹಿಳೆ ಆಕೆ, 1985ರಲ್ಲಿ, ಪೋರ್ಟ್‌ಲ್ಯಾಂಡ್‌ನಲ್ಲಿ. 1986ರಲ್ಲೇ ರಾಜೀನಾಮೆ ಕೊಟ್ಟರು. "ನನ್ನದೂ ಹೀಗೇ ಮುಗಿಯುತ್ತೆ" ಎನ್ನುತ್ತಿದ್ದರು. ಆದರೆ ಕಥೆ ಅಲ್ಲಿಗೆ ಮುಗಿದಿರಲಿಲ್ಲ ಅಲ್ವಾ? ಮುಂದಿನದನ್ನು ಇಬ್ಬರೂ ಕೂತು ನೋಡಿದೆವು. ಹ್ಯಾರಿಂಗ್‌ಟನ್ ಆಮೇಲೆ ಪೊಲೀಸ್ ಕೆಲಸದಲ್ಲಿರುವ ಮಹಿಳೆಯರಿಗಾಗಿಯೇ ಒಂದು ರಾಷ್ಟ್ರೀಯ ಕೇಂದ್ರ ನಡೆಸಿದರು. ಎಲಿಜಬೆತ್ ವಾಟ್ಸನ್ 1990ರಲ್ಲಿ ಹ್ಯೂಸ್ಟನ್ ಮುಖ್ಯಸ್ಥೆಯಾದರು. 1992ರಲ್ಲಿ ಹೊಸ ಮೇಯರ್ ಬಂದಾಗ ಆ ಹುದ್ದೆ ಹೋಯಿತು, ಅದೇ ವರ್ಷ ಆಸ್ಟಿನ್ ನಗರ ಅವರನ್ನು ಮುಖ್ಯಸ್ಥೆ ಮಾಡಿಕೊಂಡಿತು. ಕ್ಯಾಥ್ಲೀನ್ ಓಟೂಲ್ 2004ರಲ್ಲಿ ಬಾಸ್ಟನ್ ಪೊಲೀಸ್ ಮುಖ್ಯಸ್ಥೆಯಾದರು, ಆಮೇಲೆ ಐರ್ಲೆಂಡಿಗೆ ಹೋಗಿ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆ ನಡೆಸಿದರು, 2014ರಲ್ಲಿ ಸಿಯಾಟಲ್ ಮುಖ್ಯಸ್ಥೆಯಾದರು. ಇವರೆಲ್ಲ ಅವರಿಗೆ ಗೊತ್ತಿದ್ದ ಹೆಸರುಗಳೇ. ಭಯದಲ್ಲಿ ಅರ್ಧ ಕಥೆ ಮಾತ್ರ ನೆನಪಿಗೆ ಬರುತ್ತಿತ್ತು.

ನಾನು ಕೊಟ್ಟ ಸಲಹೆ ಇಷ್ಟು. ನಿದ್ದೆಯ ವಿಷಯಕ್ಕೆ ವೈದ್ಯರನ್ನೂ ಕಾಣಿ. ನಿಮ್ಮನ್ನು ಎಬ್ಬಿಸಲೇಬೇಕಾದ ಸಂದರ್ಭಗಳನ್ನು ಬರೆದು ಸಹಿ ಹಾಕಿ ಕೊಡಿ: ಪೊಲೀಸರ ಗುಂಡು ಯಾರಿಗಾದರೂ ತಗುಲಿದರೆ, ಕಸ್ಟಡಿಯಲ್ಲಿ ಸಾವಾದರೆ, ಸಿಬ್ಬಂದಿಗೆ ಗಂಭೀರ ಪೆಟ್ಟಾದರೆ. ಉಳಿದದ್ದು ರಾತ್ರಿ ಪಾಳಿಯ ಕಮಾಂಡರ್‌ಗೆ, ವರದಿ ಬೆಳಿಗ್ಗೆ. ಇಲಾಖೆಯ ಒಳಗೆ ಯಾರ ಹತ್ತಿರವೂ ಮನಸ್ಸು ಬಿಚ್ಚುವ ಹಾಗಿಲ್ಲ, ಅದು ನಿಜ. ಹಾಗಾಗಿ ಬೇರೆ ನಗರದಲ್ಲಿ ಇದೇ ಕುರ್ಚಿಯಲ್ಲಿ ಕೂತಿದ್ದವರೊಬ್ಬರನ್ನು ಹುಡುಕಿಕೊಂಡು ವಾರಕ್ಕೊಮ್ಮೆ ಮಾತಾಡಿ.

ಇದಕ್ಕೆಲ್ಲ ಒಪ್ಪಿದರು. ಒಂದಕ್ಕೆ ಮಾತ್ರ ಸಿಟ್ಟಾದರು. ಮೇಲಿನಿಂದ ಯಾವ ಆದೇಶ ಬಂದರೆ ರಾಜೀನಾಮೆ ಕೊಡುತ್ತೀರಿ ಎಂದು ಈಗಲೇ, ತಲೆ ತಣ್ಣಗಿರುವಾಗ ಬರೆದಿಡಿ ಎಂದಿದ್ದೆ. ಅದನ್ನು ಯೋಚಿಸಿದರೇ ಸೋತ ಹಾಗೆ ಅನ್ನಿಸಿತ್ತು ಅವರಿಗೆ. ಮೂರು ಭೇಟಿಗಳಾದ ಮೇಲೆ ಒಂದು ಹಾಳೆ ತಂದರು. ಮೊದಲ ಸಾಲು: "ಗುಂಡು ಹಾರಿಸಿದ ಪ್ರಕರಣದ ಬಾಡಿ ಕ್ಯಾಮೆರಾ ವಿಡಿಯೊ ಮುಚ್ಚಿಡಿ ಎಂದರೆ." ಇದನ್ನು ಬರೆದ ರಾತ್ರಿ ಚೆನ್ನಾಗಿ ನಿದ್ದೆ ಬಂತು ಎಂದರು. ನನಗೆ ಆಶ್ಚರ್ಯವಾಗಲಿಲ್ಲ. ಎಲ್ಲಿಯವರೆಗೆ ಬಗ್ಗಬೇಕು ಎಂದು ದಿನಾ ಹೊಸದಾಗಿ ಲೆಕ್ಕ ಹಾಕುವುದು ತಪ್ಪಿತಲ್ಲ.

ಈಗಲೂ ಅದೇ ಹುದ್ದೆಯಲ್ಲಿದ್ದಾರೆ. ರಾತ್ರಿ ಫೋನು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಯೂನಿಯನ್ ಜೊತೆಗಿನ ಜಗಳ ಹಾಗೇ ಇದೆ. ಬರುವ ವರ್ಷ ಮೇಯರ್ ಚುನಾವಣೆ. ಫಲಿತಾಂಶದ ಮರುವಾರಕ್ಕೆ ನನ್ನ ಜೊತೆ ಒಂದು ಭೇಟಿಯನ್ನು ಈಗಲೇ ಗೊತ್ತು ಮಾಡಿಕೊಂಡಿದ್ದಾರೆ.