ಮದುವೆಗೆ ಕರೆದವರೇ ಬಟ್ಟೆಗೆ ದುಡ್ಡು ಕೇಳಿದರೆ?

ಹನ್ನೊಂದು ವರ್ಷ ಲಾಗೋಸ್‌ನಲ್ಲಿ ಸಂಸಾರ ಮಾಡಿ ಧಾರವಾಡಕ್ಕೆ ವಾಪಸ್ ಬಂದವಳು ನಾನು. ಕಳೆದ ಸಂಚಿಕೆಯಲ್ಲಿ ಅಲ್ಲಿನ ಮದುವೆಯ ಬಗ್ಗೆ ಎರಡು ಸಾಲು ಬರೆದದ್ದೇ ತಪ್ಪಾಯಿತು ನೋಡಿ, ಈ ಸಲ ಬಂದ ಪತ್ರಗಳೆಲ್ಲ ಅದರ ಮೇಲೇ.

ಪ್ರಶ್ನೆ: ನನ್ನ ಮಗ ನೈಜೀರಿಯಾದ ಲಾಗೋಸ್‌ಗೆ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಜೊತೆಗೆ ಕೆಲಸ ಮಾಡುವ ಯೊರುಬಾ ಜನಾಂಗದ ಹುಡುಗ ತನ್ನ ಅಕ್ಕನ ಮದುವೆಗೆ ಕರೆದಿದ್ದಾನೆ. ಕರೆದದ್ದು ಸರಿ, ‘ಈ ಬಟ್ಟೆ ತಗೋಬೇಕು, ಇಷ್ಟು ದುಡ್ಡಾಗುತ್ತೆ’ ಅಂತಲೂ ಹೇಳಿದ್ದಾನಂತೆ. ಇದು ಮೋಸವಾ, ಪದ್ಧತಿಯಾ?
— ಗೃಹಿಣಿ, ಹಾವೇರಿ

ಉತ್ತರ: ಮೋಸ ಅಲ್ಲ ತಾಯಿ. ನಿಮ್ಮ ಮಗನನ್ನು ಬಳಗದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಇದಕ್ಕೆ ‘ಅಶೋ ಎಬಿ’ ಅಂತಾರೆ. ಅಶೋ ಅಂದರೆ ಬಟ್ಟೆ, ಎಬಿ ಅಂದರೆ ಕುಟುಂಬ. ಮದುವೆ ಮನೆಯವರು ಬಟ್ಟೆ, ಬಣ್ಣ ಗೊತ್ತು ಮಾಡುತ್ತಾರೆ. ಬಂಧುಗಳು, ಸ್ನೇಹಿತರು ದುಡ್ಡು ಕೊಟ್ಟು ಕೊಂಡು, ತಮಗೆ ಬೇಕಾದ ಹಾಗೆ ಹೊಲಿಸಿಕೊಂಡು ಬರುತ್ತಾರೆ. ಹೆಣ್ಣಿನ ಕಡೆಯವರದು ಒಂದು ಬಣ್ಣ, ಗಂಡಿನ ಕಡೆಯವರದು ಇನ್ನೊಂದು. ಹಾಲ್‌ನ ಬಾಗಿಲಲ್ಲಿ ನಿಂತರೆ ಯಾರು ಯಾರ ಕಡೆ ಅಂತ ಕೇಳುವ ಕೆಲಸವೇ ಇಲ್ಲ.

ನನಗೂ ಮೊದಲ ಸಲ ಸಿಟ್ಟೇ ಬಂದಿತ್ತು. ನಮ್ಮ ಕಡೆ ಆಯೇರಿ ಅಂದರೆ ಮನೆಗೆ ಬಂದವರಿಗೆ ಸೀರೆ, ಜಂಪರ್ ಪೀಸು ಕೊಟ್ಟು ಕಳಿಸೋದು. ಇಲ್ಲಿ ನೋಡಿದರೆ ಬರುವವರೇ ಕೊಂಡು ತರಬೇಕು! ಪಕ್ಕದ ಮನೆಯ ಹಿರಿಯಾಕೆ ಐದು ಗಜದ ನೇರಳೆ ಬಣ್ಣದ ಲೇಸ್ ತಂದು ಮಂಚದ ಮೇಲೆ ಹರಡಿ, ‘ಮಾಮಾ ದೀಪಾ, ಇದು ನಿನ್ನದು’ ಅಂದರು. ಅಲ್ಲಿ ಹೆಂಗಸರನ್ನು ಮೊದಲ ಮಗುವಿನ ಹೆಸರು ಸೇರಿಸಿ ಕರೆಯುವುದೇ ಮರ್ಯಾದೆ. ನಮ್ಮ ಓಣಿಯಲ್ಲಿ ‘ದೀಪಾನ ಅವ್ವ’ ಅಂದ ಹಾಗೇ ಕೇಳಿಸಿತು, ಸಿಟ್ಟು ಅರ್ಧ ಇಳಿಯಿತು.

ಆಮೇಲೆ ನಾನು ಮಾಡಿದ ಜಾಣತನ ಕೇಳಿ. ಆ ಲೇಸನ್ನೇ ಸೀರೆ ಉಡೋಣ ಅಂತ ಹೊರಟೆ. ಸೀರೆಗೆ ಆರು ಗಜ ಬೇಕು. ನಿರಿಗೆ ಹಿಡಿದರೆ ಸೆರಗಿಲ್ಲ, ಸೆರಗು ಬಿಟ್ಟರೆ ನಿರಿಗೆ ಇಲ್ಲ. ಕಡೆಗೆ ಟೈಲರ್ ಹತ್ತಿರ ಓಡಿ ಅವರ ಥರವೇ ಮೇಲಂಗಿ, ಕೆಳಗೆ ಲಂಗ ಹೊಲಿಸಿಕೊಂಡೆ. ತಲೆಗೆ ಸುತ್ತುವ ಬಟ್ಟೆಗೆ ‘ಗೆಲೆ’ ಅಂತಾರೆ. ಬಿರುಸು ಬಟ್ಟೆ, ಕಟ್ಟಲಿಕ್ಕೆ ಬೇರೆಯವರೇ ಬೇಕು. ಕಟ್ಟಿದಾಕೆ ಎಷ್ಟು ಬಿಗಿ ಎಳೆದಳು ಅಂದರೆ ಎರಡೂ ಕಿವಿ ಒಳಗೆ ಸೇರಿ ಅರ್ಧ ಮಾತು ಕೇಳಲೇ ಇಲ್ಲ. ಕಾರಿನಲ್ಲಿ ಗೆಲೆ ಚಾವಣಿಗೆ ತಾಗಬಾರದು ಅಂತ ದಾರಿಯುದ್ದಕ್ಕೂ ಕತ್ತು ಬಗ್ಗಿಸಿ ಕೂತಿದ್ದೆ.

ನಿಮ್ಮ ಮಗನಿಗೆ ಇಷ್ಟು ತಾಪತ್ರಯ ಇಲ್ಲ. ಗಂಡಸರಿಗೆ ಅಂಗಿ, ಪೈಜಾಮ, ತಲೆಗೆ ‘ಫಿಲಾ’ ಅನ್ನುವ ಟೋಪಿ ಸಾಕು. ಸಡಿಲವಾದ ದೊಡ್ಡ ‘ಅಗ್ಬಾಡಾ’ ಹೊಲಿಸುತ್ತೇನೆ ಅಂದರೆ ಹೊಲಿಸಲಿ, ಆದರೆ ಅದರ ತೋಳು ನಿಮಿಷಕ್ಕೊಮ್ಮೆ ಹೆಗಲ ಮೇಲೆ ಎಸೆದುಕೊಳ್ಳಬೇಕು, ಅಭ್ಯಾಸ ಬೇಕು. ಕೈ ಬಿಗಿಯಾಗಿದ್ದರೆ ಟೋಪಿ ಮಾತ್ರ ತಗೊಂಡರೂ ನಡೆಯುತ್ತೆ. ಏನೂ ತಗೊಳ್ಳದೆ ಹೋದರೆ ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ಊಟದ ತಟ್ಟೆ ಮಾತ್ರ ಸ್ವಲ್ಪ ತಡವಾಗಿ ಬರಬಹುದು!

ಇನ್ನೊಂದು ಮಾತು. ಮದುಮಗ ಮತ್ತು ಅವನ ಗೆಳೆಯರು ಹೆಣ್ಣಿನ ಮನೆಯವರ ಮುಂದೆ ನೆಲಕ್ಕೆ ಉದ್ದಕ್ಕೆ ಮಲಗಿ ನಮಸ್ಕಾರ ಮಾಡಬೇಕು, ಥೇಟ್ ನಮ್ಮ ಸಾಷ್ಟಾಂಗದ ಹಾಗೆ. ‘ದೋಬಾಲೆ’ ಅಂತ ಅದರ ಹೆಸರು. ಕಾರ್ಯ ನಡೆಸಿಕೊಡುವ ಬಾಯಿಬಡುಕಿ ಹೆಂಗಸಿಗೆ ‘ಅಲಗಾ’ ಅಂತಾರೆ. ‘ಸರಿಯಾಗಿ ಮಲಗಲಿಲ್ಲ, ಇನ್ನೊಮ್ಮೆ’ ಅಂತ ಎಬ್ಬಿಸಿ ಮಲಗಿಸಿ, ಮಧ್ಯೆ ದುಡ್ಡನ್ನೂ ಕೀಳುತ್ತಾಳೆ. ಒಡಪು ಹೇಳದೆ ಮದುಮಗಳನ್ನು ಒಳಗೆ ಬಿಡದ ನಮ್ಮ ಹೆಂಗಸರ ಅಕ್ಕ ಅವಳು. ನಿಮ್ಮ ಮಗ ಹೆಣ್ಣಿನ ಕಡೆಯವನು, ಬಚಾವ್. ಹಿರಿಯರನ್ನು ಕಂಡಾಗ ಸ್ವಲ್ಪ ಬಗ್ಗಿ ಮಾತಾಡಿಸಲಿ. ಏನನ್ನೂ ಎಡಗೈಯಲ್ಲಿ ಕೊಡದಿರಲಿ. ಅದನ್ನು ನಾವು ಹೇಳಿಕೊಡಬೇಕಾಗಿಲ್ಲ ಅಲ್ವಾ?

ಪ್ರಶ್ನೆ: ಅಲ್ಲಿ ಮದುವೆಯಲ್ಲಿ ಕುಣಿಯುವವರ ಹಣೆಗೆ ನೋಟು ಅಂಟಿಸುವ ವಿಡಿಯೋ ನೋಡಿದೆ. ಇದು ಬರೀ ಶ್ರೀಮಂತಿಕೆಯ ಪ್ರದರ್ಶನ ಅಲ್ಲವೇ?
— ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಪ್ರದರ್ಶನ ಇದೆ ಸರ್, ಇಲ್ಲ ಅನ್ನುವುದಿಲ್ಲ. ಆದರೆ ಅದರ ಒಳಗೆ ನಮ್ಮ ಮುಯ್ಯಿಯೂ ಇದೆ. ನಮ್ಮಲ್ಲಿ ಒಬ್ಬರು ಮೂಲೆಯಲ್ಲಿ ಕೂತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ಪುಸ್ತಕ ಇಲ್ಲ, ಕಣ್ಣೇ ಪುಸ್ತಕ. ಯಾರು ಎದ್ದು ಬಂದರು, ಎಷ್ಟು ಹೊತ್ತು ಕುಣಿದರು, ಎಲ್ಲ ನೆನಪಿರುತ್ತೆ. ಮದುಮಗಳ ಗೆಳತಿಯರು ಕೆಳಗೆ ಬಿದ್ದ ನೋಟು ಆಯ್ದು ಚೀಲಕ್ಕೆ ತುಂಬುತ್ತಾರೆ.

ಆ ನೋಟುಗಳನ್ನು ಜೇಬಿನಿಂದ ಹೊರಡಿಸುವವನು ಡೋಲಿನವನು. ನಮ್ಮ ಬುಡಬುಡಿಕೆಯ ಆಕಾರದ್ದೇ ವಾದ್ಯ, ಗಾತ್ರ ದೊಡ್ಡದು. ಕಂಕುಳಲ್ಲಿ ಹಿಡಿದು ಹಗ್ಗಗಳನ್ನು ಅಮುಕಿದರೆ ದನಿ ಏರುತ್ತೆ, ಇಳಿಯುತ್ತೆ. ಯೊರುಬಾ ಭಾಷೆಯಲ್ಲಿ ದನಿಯ ಏರಿಳಿತಕ್ಕೆ ತಕ್ಕಂತೆ ಮಾತಿನ ಅರ್ಥವೇ ಬದಲಾಗುತ್ತೆ. ಹಾಗಾಗಿ ಅವನು ಬಾರಿಸುವುದು ತಾಳ ಮಾತ್ರ ಅಲ್ಲ, ನಿಮ್ಮ ಮನೆತನದ ಹೊಗಳಿಕೆ. ಅಂಥವನು ಎದುರು ಬಂದು ನಿಂತರೆ ಜೇಬಿಗೆ ಕೈ ಹೋಗದೆ ಇರುವುದು ಕಷ್ಟ.

ಆದರೆ ಹೋಗಬಾರದು. ನೈಜೀರಿಯಾದ 2007ರ ಕೇಂದ್ರ ಬ್ಯಾಂಕ್ ಕಾಯ್ದೆಯ ಪ್ರಕಾರ ಅಲ್ಲಿನ ಹಣವಾದ ನೈರಾದ ನೋಟು ಎರಚುವುದು, ತುಳಿಯುವುದು ಅಪರಾಧ. ಕನಿಷ್ಠ ಆರು ತಿಂಗಳ ಜೈಲು, ಇಲ್ಲವೇ ಕನಿಷ್ಠ 50,000 ನೈರಾ ದಂಡ, ಅಥವಾ ಎರಡೂ. ಬಹಳ ವರ್ಷ ಕಾಯ್ದೆ ಕಾಯ್ದೆಯಾಗಿತ್ತು, ನೋಟು ಹಾರುತ್ತಲೇ ಇತ್ತು. 2024ರಲ್ಲಿ ಹೆಸರುವಾಸಿ ವ್ಯಕ್ತಿಯೊಬ್ಬರಿಗೆ ಆರು ತಿಂಗಳ ಶಿಕ್ಷೆಯೇ ಆಯಿತು. ಹಾವೇರಿಯ ತಾಯಿ ಇದನ್ನೂ ಓದಿಕೊಳ್ಳಲಿ: ಹೊರದೇಶದವನು ನೋಟು ಎರಚೋದು ಬೇಡವೇ ಬೇಡ, ಕವರ್‌ನಲ್ಲಿ ಹಾಕಿ ಕೈಗೆ ಕೊಡಲಿ.

ಪ್ರಶ್ನೆ: ಅಲ್ಲಿನ ಹಬ್ಬಗಳಲ್ಲಿ ನೀವು ಮತ್ತೆ ನೋಡಬೇಕು ಅನ್ನುವಂಥದ್ದು ಯಾವುದು?
— ವಿದ್ಯಾರ್ಥಿನಿ, ಸಾಗರ

ಉತ್ತರ: ಓಜುಡೆ ಓಬಾ. ಓಗುನ್ ರಾಜ್ಯದ ಇಜೆಬು ಓಡೆ ಊರಲ್ಲಿ ಬಕ್ರೀದ್ ಆದ ಮೂರನೇ ದಿನ ನಡೆಯುತ್ತೆ. ಹೆಸರಿನ ಅರ್ಥ ‘ಅರಸನ ಅಂಗಳ’. ತಮ್ಮ ಧರ್ಮ ಪಾಲಿಸಲು ಬಿಟ್ಟ ಅರಸನಿಗೆ ಮುಸ್ಲಿಮರು ಕೃತಜ್ಞತೆ ಹೇಳಲು ಹೋದದ್ದೇ ಇದರ ಮೂಲ. ಈಗ ಕ್ರೈಸ್ತರೂ ಅಷ್ಟೇ ಸಡಗರದಲ್ಲಿ ಬರುತ್ತಾರೆ. ಅಲ್ಲಿನ ಅರಸನಿಗೆ ಅವುಜಾಲೆ ಅಂತ ಪದವಿ. 1960ರಲ್ಲಿ ಪಟ್ಟಕ್ಕೆ ಬಂದ ಸಿಕಿರು ಅಡೆಟೋನಾ 2025ರ ಜುಲೈಯಲ್ಲಿ ತೀರಿಕೊಂಡರು. ನಾನು ನೋಡಿದಾಗ ಅವರೇ ಕೂತಿದ್ದರು.

ಹಳೆಯ ಸೇನಾಪತಿಗಳ ಮನೆತನದವರು ಸಿಂಗರಿಸಿದ ಕುದುರೆ ಏರಿ ಬರುತ್ತಾರೆ. ಎಲ್ಲರೂ ಕುದುರೆಯ ಫೋಟೋ ತೆಗೆಯುತ್ತಾರೆ. ನನಗೆ ಹಿಡಿಸಿದ್ದು ಅದಲ್ಲ, ‘ರೆಗ್ಬೆರೆಗ್ಬೆ’. ಒಂದೇ ವಯಸ್ಸಿನವರದು ಒಂದು ಗುಂಪು, ಗುಂಪಿಗೊಂದು ಬಟ್ಟೆ. ಎಪ್ಪತ್ತರ ಹತ್ತಿರದ ಹೆಂಗಸರ ಗುಂಪೊಂದು ಕೈಮಗ್ಗದ ‘ಅಶೋ ಓಕೆ’ ಉಟ್ಟು, ಎಲ್ಲರೂ ಒಂದೇ ಥರದ ಕನ್ನಡಕ ಹಾಕಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ಬಂತು. ನಡುವೆ ಒಬ್ಬಾಕೆಗೆ ಮಂಡಿನೋವು. ಆಕೆ ನಿಂತರೆ ಸಾಲೇ ನಿಲ್ಲುತ್ತಿತ್ತು, ಆಕೆ ಹೊರಟರೆ ಸಾಲು ಹೊರಡುತ್ತಿತ್ತು. ಹಿಂದಿನ ಗುಂಪಿನವರು ಗೊಣಗದೆ ಕಾದರು.

ಪ್ರಶ್ನೆ: ಸಸ್ಯಾಹಾರಿಗಳು ಅಲ್ಲಿ ಏನು ತಿನ್ನಬೇಕು?
— ಹೆಸರು ಬೇಡ, ಮೈಸೂರು

ಉತ್ತರ: ಕೆಂಪಗೆ ಕಾಣುವ ಜೊಲೋಫ್ ಅನ್ನ ಟೊಮೆಟೊ ಬಾತ್ ಅಂತ ನಂಬಬೇಡಿ, ಎಷ್ಟೋ ಸಲ ಮಾಂಸದ ನೀರಲ್ಲೇ ಬೇಯಿಸಿರುತ್ತಾರೆ. ‘ಮೊಯಿನ್ ಮೊಯಿನ್’ ಅಂದರೆ ಅಲಸಂದೆ ರುಬ್ಬಿ ಹಬೆಯಲ್ಲಿ ಬೇಯಿಸಿದ ಕಡುಬು. ಒಳಗೆ ಮೀನು, ಮೊಟ್ಟೆ ಅಡಗಿರಬಹುದು. ಅದೇ ಹಿಟ್ಟನ್ನು ಎಣ್ಣೆಗೆ ಬಿಟ್ಟರೆ ‘ಅಕಾರಾ’, ನಮ್ಮ ಅಲಸಂದೆ ವಡೆಯ ತಂಗಿ. ಕರಿದ ಬಾಳೆಹಣ್ಣು ‘ದೋಡೊ’ ಕೂಡ ಸಿಗುತ್ತೆ. ಕುಡಿಯಲು ‘ಝೋಬೊ’ ಕೇಳಿ. ಕಡುಗೆಂಪು, ಹುಳಿ, ಶುಂಠಿ ವಾಸನೆ. ನಾವು ಪಲ್ಯ ಮಾಡುವ ಪುಂಡಿ ಗಿಡದ್ದೇ ಹೂವಿನ ಬುಡದ ಕೆಂಪು ಎಸಳಿನಿಂದ ಮಾಡೋದು ಅದನ್ನು. ಧಾರವಾಡದವಳಿಗೆ ಅದು ಗೊತ್ತಾಗಲು ಎರಡು ವರ್ಷ ಹಿಡಿಯಿತು ಅನ್ನೋದೇ ನಾಚಿಕೆ. ಹನ್ನೆರಡಕ್ಕೆ ಅಂತ ಕರೆದಿದ್ದರೆ ಊಟ ಮೂರಕ್ಕೆ. ಮನೆಯಲ್ಲಿ ಎರಡು ಚಪಾತಿ ತಿಂದೇ ಹೊರಡಿ. ಬರುವಾಗ ಮದುಮಕ್ಕಳ ಫೋಟೋ ಅಂಟಿಸಿದ ಪ್ಲಾಸ್ಟಿಕ್ ಬುಟ್ಟಿ ಕೊಡುತ್ತಾರೆ, ಬಿಟ್ಟು ಬರಬೇಡಿ. ನನ್ನದರಲ್ಲಿ ಈಗ ಈರುಳ್ಳಿ ಇದೆ.